ಜಪಾನಿಗೆ ಹೋಗಿ ಬಂದೆವು: ಮದುವೆ ಸರ್ಟಿಫಿಕೇಟಿನಿಂದ ಮೂಲಂಗಿ ಪ್ರಸಾದದವರೆಗೆ

ಮನೆಗೆ ಬಂದು ನಾಲ್ಕು ದಿನವಾಯಿತು. ಬಟ್ಟೆ ಒಗೆದು ಒಣಗಿಸಿದ್ದಾಯಿತು, ಕಾಲಿನ ಊತವೂ ಇಳಿದಿದೆ. ಆದರೆ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಮೈ ಇನ್ನೂ ಅಲ್ಲಿಯ ಲೆಕ್ಕದಲ್ಲೇ ಏಳುತ್ತಿದೆ. ಆ ಹೊತ್ತಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೊರಡುವ ಮೊದಲು ನಮ್ಮಂಥವರು, ಅಂದರೆ ಅರವತ್ತರ ಹತ್ತಿರ ಬಂದವರು, ಸಸ್ಯಾಹಾರಿಗಳು, ಟೂರಿನವರ ಜೊತೆ ಹೋಗದೆ ತಾವೇ ಹೋದವರು, ಕನ್ನಡದಲ್ಲಿ ಏನಾದರೂ ಬರೆದಿದ್ದಾರೋ ಎಂದು ತುಂಬಾ ಹುಡುಕಿದ್ದೆ. ಸಿಕ್ಕಿದ್ದು ಕಡಿಮೆ. ನಾವು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ ಎನ್ನುವುದೊಂದೇ ಈಗ ನನ್ನ ಮನಸ್ಸಿನಲ್ಲಿರುವುದು.

ನಮ್ಮವರು ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವರು. ಭೂಪಟದ ಮೇಲೆ ಕೋಲು ಇಟ್ಟು ‘ಇದು ಫ್ಯೂಜಿ, ಎತ್ತರ 3,776 ಮೀಟರ್’ ಎಂದು ಎಷ್ಟು ಬ್ಯಾಚಿನ ಮಕ್ಕಳಿಗೆ ಹೇಳಿದ್ದಾರೋ. ನಿವೃತ್ತಿಯ ಹಣ ಕೈಗೆ ಬಂದಾಗ ಮಗಳು, “ಅಪ್ಪಾ, ಒಂದು ಸಲ ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ” ಎಂದಳು. 2024ರ ನವೆಂಬರಿನಲ್ಲಿ ಹದಿಮೂರು ರಾತ್ರಿಗಳ ಪ್ರವಾಸ ಎಂದು ಗೊತ್ತುಮಾಡಿದೆವು. ಆಗಸ್ಟಿನಲ್ಲೇ ಕಾಗದಪತ್ರಕ್ಕೆ ಕೈಹಾಕಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಹೋಗುತ್ತಲೇ ಇರಲಿಲ್ಲ.

ಮೊದಲ ತೊಡಕು ಹೆಸರಿನದು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆಯ ಎಷ್ಟೋ ಹೆಂಗಸರ ಪಾಸ್‌ಪೋರ್ಟ್ ಹಾಗೇ ಇರುತ್ತದೆ. ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್ ಬಿಟ್ಟರೆ ನಮಗೆಲ್ಲಿಯ ಸರ್‌ನೇಮ್? ವಿಮಾನದ ಟಿಕೆಟ್ ಮಾಡುವಾಗ ಆ ಜಾಗ ತುಂಬದೆ ಮುಂದಕ್ಕೇ ಹೋಗಲಿಲ್ಲ. ಇನಿಷಿಯಲ್ ಹಾಕಿಬಿಡೋಣ ಎಂದು ಕೈ ಹೋಗಿತ್ತು. ಮಗಳು ತಡೆದು ಫೋನ್ ಮಾಡಿ ವಿಚಾರಿಸಿದಳು. ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಎರಡೂ ಕಡೆ ಹಾಕಿ ಎಂದರು. ಪ್ರತಿ ಕಂಪನಿಯ ಕ್ರಮ ಬೇರೆಯಿರಬಹುದು, ಕೇಳದೆ ದುಡ್ಡು ಕಟ್ಟಬೇಡಿ. ಟಿಕೆಟ್ಟಿನಲ್ಲಿ ಒಂದಕ್ಷರ ತಪ್ಪಿದರೂ ತಿದ್ದಿಸಲು ದಂಡ.

ಎರಡನೆಯ ತೊಡಕು ನಮ್ಮನ್ನು ಒಂದು ತಿಂಗಳು ಓಡಾಡಿಸಿತು. ಜಪಾನಿನ ಪ್ರವಾಸಿ ವೀಸಾ ಈಗ ಭಾರತದಲ್ಲಿರುವವರಿಗೆ ಇ-ವೀಸಾ. 2024ರ ಏಪ್ರಿಲ್‌ನಿಂದ ಹೀಗೆ. ಇ-ವೀಸಾ ಎಂದ ಮಾತ್ರಕ್ಕೆ ಮನೆಯಲ್ಲೇ ಕೂತು ಮುಗಿಯುವುದಿಲ್ಲ. ಅರ್ಜಿ, ಫೋಟೋ, ದಿನದಿನದ ಕಾರ್ಯಕ್ರಮದ ಪಟ್ಟಿ, ಹೋಟೆಲ್ ಬುಕಿಂಗ್, ವಿಮಾನದ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ಸ್ ಎಲ್ಲ ಹಿಡಿದು ಅರ್ಜಿ ಕೇಂದ್ರಕ್ಕೆ ಹೋಗಬೇಕು. ನಾವು ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಹೋದೆವು. ಇವರ ಕಾಗದ ಸಲೀಸಾಗಿ ಮುಗಿಯಿತು. ನನ್ನದನ್ನು ತಿರುವಿ ನೋಡಿದ ಹುಡುಗಿ, “ಮೇಡಂ, ಖರ್ಚು ಸರ್ ನೋಡ್ಕೋತಾರೆ ಅಂತ ಬರೆದಿದ್ದೀರ. ನೀವು ಅವರ ಹೆಂಡತಿ ಅನ್ನೋದಕ್ಕೆ ದಾಖಲೆ?” ಎಂದು ಕೇಳಿದಳು.

ಇರಲಿಲ್ಲ. ನನಗೆ ಸಂಬಳವಿಲ್ಲ, ರಿಟರ್ನ್ಸ್ ಇಲ್ಲ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಗಂಡನ ಹೆಸರಿನ ಜಾಗವೂ ಖಾಲಿ. ನಮ್ಮ ಮದುವೆ 1990ರಲ್ಲಿ ಹೊಳೆನರಸೀಪುರದ ಒಂದು ಛತ್ರದಲ್ಲಿ ಆಗಿದ್ದು. ಅದನ್ನು ನೋಂದಾಯಿಸಬೇಕೆಂದು ಆಗ ಯಾರಿಗೆ ಹೊಳೆದಿತ್ತು? ಆ ಹುಡುಗಿ ಗಡುಸಾಗಿಯೇನೂ ಮಾತಾಡಲಿಲ್ಲ. ಆದರೂ ಮೂವತ್ತನಾಲ್ಕು ವರ್ಷ ಸಂಸಾರ ಮಾಡಿ, ನಾನು ಇವರ ಹೆಂಡತಿ ಎಂದು ಕಾಗದದಲ್ಲಿ ತೋರಿಸಲಾಗದೆ ಆ ಗಾಜಿನ ಕಿಟಕಿಯ ಮುಂದೆ ನಿಂತಾಗ ಕಣ್ಣಲ್ಲಿ ನೀರು ಬಂತು. ಇವರು ಫೈಲು ಮುಚ್ಚಿ, “ನಡಿ, ಮಾಡಿಸೋಣ” ಎಂದರು ಅಷ್ಟೆ. ತಮ್ಮ ಅರ್ಜಿಯನ್ನೂ ವಾಪಸ್ ತೆಗೆದುಕೊಂಡರು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯ ಲಗ್ನಪತ್ರಿಕೆ, ಮದುವೆಯ ಫೋಟೋ, ಇಬ್ಬರ ಆಧಾರ್, ಮೂವರು ಸಾಕ್ಷಿಗಳು ಬೇಕೆಂದರು. ಲಗ್ನಪತ್ರಿಕೆಗಾಗಿ ಅಟ್ಟದ ಮೇಲಿನ ಎರಡು ಟ್ರಂಕು ಇಳಿಸಿ ಹುಡುಕಿದೆ. ಕೊನೆಗೆ ಸಿಕ್ಕಿದ್ದು ನಮ್ಮ ಅಕ್ಕನ ಮನೆಯಲ್ಲಿ, ಅವಳ ಹಳೇ ಅಡುಗೆ ಪುಸ್ತಕದ ನಡುವೆ. ಅಂಚಿನ ಅರಿಶಿನ ಇನ್ನೂ ಮಾಸಿರಲಿಲ್ಲ. ಅಕ್ಕ, ಮೈದುನ, ಇವರ ಹಳೆಯ ಸಹೋದ್ಯೋಗಿಯೊಬ್ಬರು ಸಾಕ್ಷಿ ಹಾಕಿದರು. ಸರ್ವರ್ ಇಲ್ಲ ಎಂದು ಎರಡು ದಿನ ಬರಿಗೈಯಲ್ಲಿ ಬಂದೆವು, ಮೂರನೆಯ ದಿನ ಆಯಿತು. ನಿಮ್ಮ ಮದುವೆಯೂ ಹಳೆಯದಾಗಿ, ನೋಂದಣಿ ಆಗಿರದಿದ್ದರೆ ವಿಮಾನದ ಟಿಕೆಟ್ ನೋಡುವ ಮೊದಲೇ ಇದನ್ನು ಮುಗಿಸಿಕೊಳ್ಳಿ.

ಎರಡನೆಯ ಸಲ ಎಲ್ಲವನ್ನೂ ಒಟ್ಟಿಗೆ ಕೊಟ್ಟೆವು: ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮೂರು ವರ್ಷದ ರಿಟರ್ನ್ಸ್, ಪಿಂಚಣಿ ಆದೇಶ, ಮದುವೆ ಸರ್ಟಿಫಿಕೇಟು. ಹೋಟೆಲುಗಳನ್ನೆಲ್ಲ ದುಡ್ಡು ಕಟ್ಟದೆ ರದ್ದು ಮಾಡಬಹುದಾದ ರೀತಿಯಲ್ಲಿ ಬುಕ್ ಮಾಡಿದ್ದೆವು, ನೀವೂ ಹಾಗೇ ಮಾಡಿ. ಭಾರತೀಯರಿಗೆ ಆಗ ವೀಸಾ ಶುಲ್ಕ ಕಡಿಮೆ, ತಲೆಗೆ ಐನೂರರ ಆಸುಪಾಸು ಇತ್ತು. ಸೇವಾ ಶುಲ್ಕ ಎಲ್ಲ ಸೇರಿ ಇಬ್ಬರಿಗೆ ಮೂರು ಸಾವಿರದೊಳಗೆ ಮುಗಿಯಿತು. ಒಂಬತ್ತನೆಯ ಕೆಲಸದ ದಿನ ಮಂಜೂರಾಯಿತು. ಆ ಒಂಬತ್ತು ದಿನ ಇವರು ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗಿದ್ದರು.

ಸಾಮಾನು ಕಟ್ಟುವಾಗಿನ ಎರಡು ವಿಷಯ. ಬಿಪಿ, ಶುಗರ್ ಮಾತ್ರೆಗಳನ್ನು ಒಂದು ತಿಂಗಳಿಗೆ ಆಗುವಷ್ಟು ಒಯ್ಯಬಹುದು. ಅದಕ್ಕಿಂತ ಹೆಚ್ಚಾದರೆ ಮೊದಲೇ ಅನುಮತಿ ಪಡೆಯಬೇಕು. ಸೂಡೋಎಫೆಡ್ರಿನ್ ಇರುವ ಕೆಲವು ನೆಗಡಿ ಮಾತ್ರೆಗಳಿಗೆ ಅಲ್ಲಿ ನಿರ್ಬಂಧವಿದೆ, ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಬರೆದಿರುವುದನ್ನು ಓದಿ ನೋಡಿ. ಇನ್ನು ತಾಜಾ ಕರಿಬೇವು, ಹಣ್ಣು, ತರಕಾರಿ ಸುಮ್ಮನೆ ಒಯ್ಯುವಂತಿಲ್ಲ. ನಾನು ಒಯ್ದದ್ದು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿದ ಅವಲಕ್ಕಿ, ಕೋಡುಬಳೆ.

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಮಾಡುವಾಗ ಮತ್ತೆ ಎದೆ ಧಸಕ್ಕೆಂದಿತು. ಇವರು ವೀಸಾ ಪತ್ರವನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಕೌಂಟರಿನವರು ಅದನ್ನು ಮುಟ್ಟಲೂ ಇಲ್ಲ. ಪ್ರಿಂಟ್ ಆಗಲಿ ಸ್ಕ್ರೀನ್‌ಶಾಟ್ ಆಗಲಿ ನಡೆಯುವುದಿಲ್ಲ, ಆ ಪುಟವನ್ನು ಆಗಲೇ ಇಂಟರ್‌ನೆಟ್ಟಿನಲ್ಲಿ ತೆರೆದು ಫೋನಿನ ಮೇಲೆ ತೋರಿಸಬೇಕು. ಹಿಂದೆ ಸಾಲು, ಮುಂದೆ ತಿರುಗುತ್ತಲೇ ಇರುವ ಚಕ್ರ, ಇವರ ಕೈ ನಡುಗುತ್ತಿತ್ತು. ಹತ್ತು ನಿಮಿಷ ಬೇಕಾಯಿತು. ಮನೆಯಲ್ಲೇ ನಾಲ್ಕು ಸಲ ತೆರೆದು ಅಭ್ಯಾಸ ಮಾಡಿಕೊಳ್ಳಿ. ‘ವಿಸಿಟ್ ಜಪಾನ್ ವೆಬ್’ ಎಂಬ ಸರ್ಕಾರಿ ಜಾಲತಾಣದಲ್ಲಿ ವಲಸೆ ಮತ್ತು ಕಸ್ಟಮ್ಸ್ ವಿವರವನ್ನೂ ಊರಲ್ಲೇ ತುಂಬಿಡಿ. ನಾವು ತುಂಬಿದ್ದೆವು, ಟೋಕಿಯೊದ ನರಿತಾ ವಿಮಾನ ನಿಲ್ದಾಣದಲ್ಲಿ ಕ್ಯೂಆರ್ ತೋರಿಸಿ, ಬೆರಳಚ್ಚು ಕೊಟ್ಟು ಮುಕ್ಕಾಲು ಗಂಟೆಯಲ್ಲಿ ಹೊರಬಂದೆವು.

ಟೋಕಿಯೊದಲ್ಲಿ ನಾಲ್ಕು ರಾತ್ರಿ ಅಸಾಕುಸದಲ್ಲಿ ಉಳಿದೆವು. ನರಿತಾದಿಂದ ಅಲ್ಲಿಗೆ ನೇರ ರೈಲಿದೆ, ಸುಮಾರು ಒಂದು ಗಂಟೆ. ಬೆಳಗ್ಗೆ ಒಂಬತ್ತಕ್ಕೆ ಹೋಟೆಲ್ ಮುಟ್ಟಿದರೆ ರೂಮು ಕೊಡುವುದು ಮಧ್ಯಾಹ್ನ ಮೂರಕ್ಕೆ! ಜಪಾನಿನಲ್ಲಿ ಎಲ್ಲ ಕಡೆ ಬಹುಮಟ್ಟಿಗೆ ಹೀಗೇ. ಪೆಟ್ಟಿಗೆಗಳನ್ನು ಅವರೇ ಇಟ್ಟುಕೊಳ್ಳುತ್ತಾರೆ. ರಾತ್ರಿಯಿಡೀ ನಿದ್ದೆಗೆಟ್ಟ ನಾವು ಆರು ಗಂಟೆ ಕಾಲ ಸೆನ್‌ಸೋ-ಜಿ ದೇವಾಲಯದ ಸುತ್ತಮುತ್ತಲೇ ಕಳೆದೆವು. ದೊಡ್ಡ ಕೆಂಪು ಲಾಟೀನಿನ ಹೆಬ್ಬಾಗಿಲು, ಅದರಾಚೆ ಅಂಗಡಿ ಸಾಲು, ಕೊನೆಯಲ್ಲಿ ಧೂಪದ ಹೊಗೆ. ನಮ್ಮ ಜಾತ್ರೆಯ ಬೀದಿಯಂತೆಯೇ, ಆದರೆ ಯಾರೂ ಕೂಗುವುದಿಲ್ಲ. 100 ಯೆನ್ ಹಾಕಿ ಡಬ್ಬಿ ಅಲುಗಿಸಿ ಒಂದು ಕಡ್ಡಿ ತೆಗೆದರೆ ಅದರ ಸಂಖ್ಯೆಯ ಡ್ರಾಯರಿನಲ್ಲಿ ನಿಮ್ಮ ಭವಿಷ್ಯದ ಚೀಟಿ. ನನಗೆ ಕೆಟ್ಟದ್ದು ಬಂತು. ಮುಖ ಸಪ್ಪಗಾದದ್ದನ್ನು ನೋಡಿದ ಒಬ್ಬ ಅಜ್ಜಿ ಹತ್ತಿರ ಬಂದು, ಚೀಟಿಯನ್ನು ಉದ್ದಕ್ಕೆ ಮಡಿಸಿ ಅಲ್ಲಿದ್ದ ತಂತಿಗೆ ಗಂಟು ಹಾಕಲು ತೋರಿಸಿಕೊಟ್ಟರು. ಕೆಟ್ಟದ್ದನ್ನು ಅಲ್ಲೇ ಕಟ್ಟಿ ಬರಬೇಕು. ಗಂಟು ಬಿಗಿದ ಮೇಲೆ ನನ್ನ ಬೆನ್ನು ತಟ್ಟಿ ಹೋದರು.

ಊಟದ ಮಾತು. ಮಾರನೆಯ ಬೆಳಗ್ಗೆ ಹೋಟೆಲಿನ ತಿಂಡಿಯಲ್ಲಿ ಅನ್ನ, ಉಪ್ಪಿನಕಾಯಿ, ತೋಫು, ಬಿಸಿ ಮಿಸೋ ಸಾರು ಇತ್ತು. ಸಾರಿನಲ್ಲಿ ಸೊಪ್ಪು ಮಾತ್ರ ತೇಲುತ್ತಿತ್ತು. ಇಬ್ಬರೂ ಎರಡೆರಡು ಬಟ್ಟಲು ಕುಡಿದೆವು. ಮಗಳಿಗೆ ಫೋಟೋ ಕಳಿಸಿದಾಗ ಅವಳಿಂದ ಗೊತ್ತಾಯಿತು: ಆ ಸಾರಿನ ಬುಡವೇ ದಾಶಿ, ಒಣಗಿಸಿದ ಬೊನಿಟೊ ಮೀನಿನ ಚಕ್ಕೆ ಕುದಿಸಿದ ನೀರು. ಆ ದಿನವೆಲ್ಲ ನನಗೆ ಸಂಕಟ. ಇವರು ತಿಳಿಯದೆ ಆದದ್ದು ಎಂದು ಸಮಾಧಾನ ಹೇಳಿದರು, ಆದರೂ ಹೊಟ್ಟೆಯೊಳಗೆ ಏನೋ ಒಂದು. ಮಾಂಸ, ಮೀನು ಬೇಡ ಎಂದರೆ ಸಾಲದು, ದಾಶಿ ಬೇಡ ಎಂದೂ ಹೇಳಬೇಕು ಎನ್ನುವುದನ್ನು ದಯವಿಟ್ಟು ನೆನಪಿಡಿ. ಊದೋನ್, ಸೋಬಾ ಎಂಬ ನೂಡಲ್ಸಿನ ಸಾರು, ತರಕಾರಿ ಪಲ್ಯ, ಕೆಲವು ಕಡೆ ಮೊಟ್ಟೆಯ ದೋಸೆಯಂಥದ್ದು, ಎಲ್ಲದರಲ್ಲೂ ಅದು ಇರುತ್ತದೆ.

ಇದನ್ನೆಲ್ಲ ಜಪಾನಿ ಭಾಷೆಯಲ್ಲಿ ಬರೆಸಿದ ಒಂದು ಚೀಟಿ ಮಾಡಿಕೊಂಡೆವು. ಒಂದು ಚಿಕ್ಕ ಊದೋನ್ ಅಂಗಡಿಯಲ್ಲಿ ಅದನ್ನು ಕೊಟ್ಟಾಗ ಯಜಮಾನ ಎರಡು ಸಲ ಓದಿ, ಒಳಗೆ ಹೋಗಿ ವಿಚಾರಿಸಿ ಬಂದು, ಎರಡು ಕೈಗಳನ್ನು ಎದೆಯ ಮುಂದೆ ಕತ್ತರಿಯ ಹಾಗೆ ಅಡ್ಡ ಹಿಡಿದು ತಲೆ ಬಾಗಿಸಿದ. ಆಗುವುದಿಲ್ಲ ಎಂದು ಅರ್ಥ. ನಾವು ಹೊರಟರೆ ನಮ್ಮ ಹಿಂದೆಯೇ ಬೀದಿಗೆ ಬಂದು, ತಿರುವಿನವರೆಗೂ ನಡೆದು, ನೇಪಾಳದವರು ನಡೆಸುವ ಒಂದು ಹೋಟೆಲನ್ನು ತೋರಿಸಿ ವಾಪಸ್ ಹೋದ. ಗಿರಾಕಿಗಳನ್ನು ಕೂರಿಸಿ ಬಂದಿದ್ದ ಅವನು.

ನಾನು ಹಾಸನದಿಂದ ಚಿಕ್ಕ ಎಲೆಕ್ಟ್ರಿಕ್ ಕುಕ್ಕರ್ ಹೊತ್ತಿದ್ದೆ. ಅಲ್ಲಿಯ ವಿದ್ಯುತ್ತು 100 ವೋಲ್ಟ್, ನಮ್ಮದು 230. ಒಂದು ಗಂಟೆ ಇಟ್ಟರೂ ನೀರು ಉಗುರು ಬೆಚ್ಚಗೆ. ಅಷ್ಟು ಭಾರ ಸುಮ್ಮನೆ ಹೊತ್ತಂತಾಯಿತು, ನೀವು ಹೊರಬೇಡಿ. ಅಲ್ಲಿ ಬೀದಿಗೊಂದು ಕೊಂಬಿನಿ ಇದೆ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಅಂಗಡಿ. ಬೇಯಿಸಿ ಡಬ್ಬಿಯಲ್ಲಿಟ್ಟ ಬಿಳಿ ಅನ್ನ ಸಿಗುತ್ತದೆ, ಬಿಸಿ ಮಾಡಿಕೊಳ್ಳಬಹುದು. ಸಿಹಿಯಿಲ್ಲದ ಮೊಸರಿನ ಡಬ್ಬಿಯೂ ಸಿಗುತ್ತದೆ. ಅದಕ್ಕೆ ನಮ್ಮ ಗೊಜ್ಜು, ಚಟ್ನಿಪುಡಿ. ಹದಿಮೂರು ದಿನದಲ್ಲಿ ಒಂಬತ್ತು ರಾತ್ರಿ ನಮ್ಮ ಊಟ ಮೊಸರನ್ನ. ಉಮೆಬೊಶಿ ಎಂಬ ಹುಳಿಹುಳಿ ಉಪ್ಪಿನಕಾಯಿ ತುಂಬಿದ ಅನ್ನದ ಉಂಡೆಯನ್ನು ಹಗಲಲ್ಲಿ ತಿನ್ನುತ್ತಿದ್ದೆವು.

ಮೂರನೆಯ ದಿನ ಬೆಳಗ್ಗೆ ಸೆನ್‌ಸೋ-ಜಿಯಿಂದ ಹತ್ತು ನಿಮಿಷ ನಡೆದು ಸುಮಿದಾ ನದಿಯ ಬದಿಯ ಒಂದು ಪುಟ್ಟ ದಿಬ್ಬ ಹತ್ತಿದೆವು. ಮತ್ಸುಚಿಯಾಮಾ ಶೋದೆನ್. ಅಲ್ಲಿಯ ದೇವರು ಕಾಂಗಿತೆನ್, ಅಂದರೆ ನಮ್ಮ ಗಣಪತಿ. ಮೆಟ್ಟಿಲ ಮೇಲೆ, ಲಾಟೀನಿನ ಮೇಲೆ, ಎಲ್ಲ ಕಡೆ ಎರಡು ಚಿತ್ರ ಕೆತ್ತಿದ್ದರು: ಹಣದ ಚೀಲ, ಜೋಡಿ ಮೂಲಂಗಿ. ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ, ಸದಾ ಮುಚ್ಚಿದ ಗರ್ಭಗುಡಿ. ಭಕ್ತರು ಮೂಲಂಗಿ ಕೊಂಡು ಅರ್ಪಿಸುತ್ತಾರೆ. ನಾನೂ ಒಂದು ಕೊಂಡೆ, ಮೊಳಕೈಯಷ್ಟು ಉದ್ದ, ಕೂಸನ್ನು ಎತ್ತಿಕೊಂಡ ಹಾಗೆ ಎರಡು ಕೈಯಲ್ಲಿ ಹಿಡಿಯಬೇಕು. ಮುಂದಿಟ್ಟು ಕಣ್ಣು ಮುಚ್ಚಿ ನಮ್ಮ ಮನೆಯ ಸಂಕಷ್ಟಿಯಂದು ಹೇಳುವ ಶ್ಲೋಕವನ್ನೇ ಹೇಳಿದೆ. ಪಕ್ಕದಲ್ಲಿ ಆಫೀಸಿಗೆ ಹೊರಟ ಕೋಟು ತೊಟ್ಟ ಗಂಡಸೊಬ್ಬ ನನ್ನಂತೆಯೇ ಕೈಮುಗಿದು ನಿಂತಿದ್ದ. ಅರ್ಪಿಸಿದ ಮೂಲಂಗಿಗಳನ್ನೇ ಪ್ರಸಾದವಾಗಿ ಒಯ್ಯಲು ಇಟ್ಟಿರುತ್ತಾರೆ. ಒಂದು ತಂದು ರಾತ್ರಿ ಹೋಟೆಲ್ ರೂಮಿನಲ್ಲಿ ಹೆಚ್ಚಿ, ಉಪ್ಪು ಬೆರೆಸಿ, ಮೊಸರಿಗೆ ಹಾಕಿದೆ. ನಮ್ಮ ಮೂಲಂಗಿಯ ಘಾಟು ಅದರಲ್ಲಿಲ್ಲ, ಸಿಹಿ ನೀರಿನಂತೆ. ದಾಶಿ ಕುಡಿದ ಸಂಕಟ ಅವತ್ತು ನನ್ನಿಂದ ಇಳಿಯಿತು.

ಟೋಕಿಯೊದಲ್ಲಿ ನೋಡಿದ್ದರಲ್ಲಿ ಮೇಜಿ ಜಿಂಗು ಬಿಡಬೇಡಿ. ಮೇಜಿ ಚಕ್ರವರ್ತಿಯ ನೆನಪಿಗೆ 1920ರಲ್ಲಿ ಕಟ್ಟಿದ ಗುಡಿ. ಸುತ್ತಲಿನ ಕಾಡು ತಾನಾಗಿ ಬೆಳೆದದ್ದಲ್ಲ, ದೇಶದ ಮೂಲೆಮೂಲೆಯಿಂದ ಜನ ಕಳಿಸಿಕೊಟ್ಟ ಸುಮಾರು ಒಂದು ಲಕ್ಷ ಮರಗಳನ್ನು ನೆಟ್ಟು ಬೆಳೆಸಿದ್ದು. ಶಿಬುಯದ ಪ್ರಸಿದ್ಧ ಅಡ್ಡರಸ್ತೆ, ಎತ್ತರದ ಗೋಪುರ ಎಲ್ಲ ನೋಡಿದೆವು, ಸರಿ.

ರೈಲಿನ ಪಾಸಿನ ಬಗ್ಗೆ ಲೆಕ್ಕ ಹಾಕಿ. ಏಳು ದಿನದ ಜೆಆರ್ (ಜಪಾನ್ ರೈಲ್ವೆ) ಪಾಸ್ 2023ರ ಅಕ್ಟೋಬರಿನಲ್ಲಿ 50,000 ಯೆನ್ ಆಯಿತು, ಅದಕ್ಕೆ ಮೊದಲು 29,650 ಇತ್ತು. ನಾವು ಹೋದಾಗ ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನ ಟಿಕೆಟ್ 14,000 ಚಿಲ್ಲರೆ. ಹೋಗಿ ಬರುವುದಕ್ಕೆ ಮಾತ್ರವಾದರೆ ಪಾಸ್ ನಷ್ಟ. ಊರೊಳಗಿನ ಓಡಾಟಕ್ಕೆ ನಿಲ್ದಾಣದಲ್ಲೇ ಸಿಗುವ ಸುಯಿಕಾ ಕಾರ್ಡ್ ಸಾಕು. ಯಂತ್ರಗಳಲ್ಲಿ ಅದಕ್ಕೆ ನೋಟು ಹಾಕಿಯೇ ಹಣ ತುಂಬಿಸುತ್ತಿದ್ದೆವು, ಆದ್ದರಿಂದ ಕೈಯಲ್ಲಿ ಯೆನ್ ಇರಲಿ. ದೊಡ್ಡ ಪೆಟ್ಟಿಗೆಗಳನ್ನು ರೈಲಿನಲ್ಲಿ ಎಳೆಯಬೇಡಿ. ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ದಾಟುವ ಪೆಟ್ಟಿಗೆಗೆ ಶಿಂಕಾನ್ಸೆನ್‌ನಲ್ಲಿ ಮೊದಲೇ ಜಾಗ ಕಾದಿರಿಸಬೇಕು. ಅದಕ್ಕಿಂತ ತಕ್ಕ್ಯುಬಿನ್ ಎಂಬ ಸೇವೆ ವಾಸಿ: ಹೋಟೆಲಿನ ಕೌಂಟರಿನಲ್ಲೇ ಕೊಟ್ಟರೆ ಮಾರನೆಯ ದಿನ ಮುಂದಿನ ಊರಿನ ಹೋಟೆಲಿನಲ್ಲಿ ಇರುತ್ತದೆ. ನಮಗೆ ಪೆಟ್ಟಿಗೆಗೆ ಎರಡೂವರೆ ಸಾವಿರ ಯೆನ್ ಆಸುಪಾಸು ಬಿತ್ತು. ನನ್ನ ಮಂಡಿಗಳನ್ನು ಉಳಿಸಿದ್ದು ಅದೇ.

ಕ್ಯೋಟೊ ಕಡೆಗೆ ಹೋಗುವಾಗ ಬಲಗಡೆಯ ಎರಡು ಸೀಟಿನ ಸಾಲು ಕೇಳಿ, ಕಿಟಕಿಯ ಸೀಟು ‘ಇ’. ಟೋಕಿಯೊ ಬಿಟ್ಟು ಸುಮಾರು ಮುಕ್ಕಾಲು ಗಂಟೆಗೆ ಇವರು ಮಾತು ನಿಲ್ಲಿಸಿದರು. ಕಾರ್ಖಾನೆಯ ಚಿಮಣಿಗಳ ಹಿಂದೆ, ಮನೆಗಳ ಹಿಂದೆ, ಆಕಾಶದ ಅರ್ಧ ತುಂಬಿಕೊಂಡು ಫ್ಯೂಜಿ ನಿಂತಿತ್ತು. ಆ ವರ್ಷ ಮೊದಲ ಹಿಮ ಬಿದ್ದದ್ದು ನವೆಂಬರ್ 7ಕ್ಕೆ, ನೂರಮೂವತ್ತು ವರ್ಷಗಳ ದಾಖಲೆಯಲ್ಲೇ ಅಷ್ಟು ತಡವಂತೆ. ಹಾಗಾಗಿ ನೆತ್ತಿಯ ಮೇಲೆ ತೆಳ್ಳಗೆ ಬಿಳಿ. ನಾನು ಫೋನ್ ತೆಗೆದೆ. ಇವರು ತೆಗೆಯಲಿಲ್ಲ, ಹಣೆಯನ್ನು ಗಾಜಿಗೆ ಒತ್ತಿ ಕೂತಿದ್ದರು. ಬೆಟ್ಟ ಮರೆಯಾದ ಮೇಲೆ, “ಮೂರು ಸಾವಿರದ ಏಳ್ನೂರ ಎಪ್ಪತ್ತಾರು” ಎಂದು ತಮಗೆ ತಾವೇ ಹೇಳಿಕೊಂಡರು.

ಕ್ಯೋಟೊದಲ್ಲಿ ಐದು ರಾತ್ರಿ. ನವೆಂಬರ್ ಕೊನೆಯೆಂದರೆ ಮೇಪಲ್ ಎಲೆ ಕೆಂಪಾಗುವ ಕಾಲ, ಜನ ಎಂದರೆ ಜನ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಾವು ಕಂಡುಕೊಂಡ ಉಪಾಯ ಒಂದೇ: ಬೆಳಗ್ಗೆ ಬೇಗ ಹೊರಡುವುದು, ಹನ್ನೊಂದಕ್ಕೆ ರೂಮಿಗೆ ಬಂದು ಮಲಗುವುದು, ಸಂಜೆ ಮತ್ತೆ ಹೋಗುವುದು. ಫುಶಿಮಿ ಇನಾರಿ ಗುಡಿ ಹಗಲು ರಾತ್ರಿ ತೆರೆದಿರುತ್ತದೆ, ಟಿಕೆಟ್ಟೂ ಇಲ್ಲ. ಆರಕ್ಕೆ ಹೋದಾಗ ಆ ಕೇಸರಿಗೆಂಪು ತೋರಣಗಂಬಗಳ ಸುರಂಗದಲ್ಲಿ ನಾವಿಬ್ಬರೇ ಇದ್ದೆವು. ಕಿಯೋಮಿಜು-ದೇರಾ ದೇವಾಲಯ ಕೂಡ ಆರಕ್ಕೇ ಬಾಗಿಲು ತೆರೆಯುತ್ತದೆ. ಹದಿಮೂರು ಮೀಟರ್ ಎತ್ತರದ ಮರದ ಜಗಲಿಯನ್ನು ಮೊಳೆಯಿಲ್ಲದೆ ನಿಲ್ಲಿಸಿದ್ದಾರೆ. ಕಿಂಕಾಕು-ಜಿಯ ಚಿನ್ನದ ಮಂಟಪವನ್ನು ಜನರ ತಲೆಗಳ ನಡುವೆ ನೋಡಿದೆವು.

ಆದರೆ ಯಾರಾದರೂ ನನ್ನನ್ನು ಕ್ಯೋಟೊದಲ್ಲಿ ಒಂದೇ ಜಾಗ ನೋಡು ಎಂದರೆ ಸಾಂಜೂಸಾಂಗೆನ್-ದೋ ಎನ್ನುತ್ತೇನೆ. ಹೊರಗಿನಿಂದ ಉದ್ದನೆಯ ಮರದ ಕೊಟ್ಟಿಗೆಯಂತೆ, 120 ಮೀಟರ್. ಚಪ್ಪಲಿ ಬಿಟ್ಟು ಒಳಗೆ ಹೋದರೆ ನಸುಗತ್ತಲೆಯಲ್ಲಿ ಸಾವಿರದ ಒಂದು ಕನ್ನೊನ್ ಮೂರ್ತಿಗಳು, ಸಾಲುಸಾಲಾಗಿ, ಹೊಳೆವ ಬಂಗಾರದ ಬಣ್ಣದಲ್ಲಿ. ಕನ್ನೊನ್ ಎಂದರೆ ಅವಲೋಕಿತೇಶ್ವರ. ಅವುಗಳ ಮುಂದೆ ಇಪ್ಪತ್ತೆಂಟು ಕಾವಲು ದೇವತೆಗಳು, ಪ್ರತಿಯೊಂದರ ಫಲಕದ ಮೇಲೆ ಮೂಲ ಸಂಸ್ಕೃತ ಹೆಸರೂ ಇದೆ. ಇವರು ಒಂದೊಂದನ್ನೇ ಓದುತ್ತಾ ಹೋದರು. ಬೋಂತೆನ್, ಬ್ರಹ್ಮ. ತೈಶಾಕುತೆನ್, ಇಂದ್ರ. ಕಿನ್ನರ ಕಿನ್ನರನೇ. ಅಶುರಾ, ಮೂರು ಮುಖ ಆರು ಕೈಯ ಅಸುರ. ಕರುರಾ ಎಂಬ ಹಲಗೆಯ ಮುಂದೆ ನಾನೇ ನಿಂತುಬಿಟ್ಟೆ. ಕೊಕ್ಕಿನ ಬಾಯಿ, ಬೆನ್ನಿಗೆ ರೆಕ್ಕೆ, ಕೊಳಲು ಊದುತ್ತಿರುವ ಗರುಡ. ಬೇಲೂರಿನ ಗುಡಿಯ ಮುಂದೆ ಕೈಮುಗಿದು ನಿಂತ ಗರುಡನನ್ನು ಚಿಕ್ಕಂದಿನಿಂದ ನೋಡುತ್ತಾ ಬಂದವಳು ನಾನು. ಬೇಲೂರು ಗುಡಿಯ ಪ್ರತಿಷ್ಠೆ 1117ರಲ್ಲಿ, ಈ ಭವನವನ್ನು ಮೊದಲು ಕಟ್ಟಿದ್ದು 1164ರಲ್ಲಿ. ನಮ್ಮ ಶಿಲ್ಪಿಗಳು ಕಲ್ಲಿನಲ್ಲಿ ಕಡೆದಿಟ್ಟ ದೇವರುಗಳನ್ನೇ ಇಲ್ಲಿಯವರು ಮರದಲ್ಲಿ ಕಡೆದಿದ್ದಾರೆ. ಫೋಟೋ ತೆಗೆಯುವಂತಿಲ್ಲ. ಹಾಗಾಗಿ ಎರಡು ಗಂಟೆ ಸುಮ್ಮನೆ ನೋಡಿದೆವು.

ನಾರಾಕ್ಕೆ ಒಂದು ದಿನ ಇಟ್ಟುಕೊಳ್ಳಿ. ಅಲ್ಲಿಯ ತೋದೈ-ಜಿ ದೇವಾಲಯದ ಮಹಾಬುದ್ಧ ಸುಮಾರು ಹದಿನೈದು ಮೀಟರ್ ಎತ್ತರದ ಕಂಚಿನ ವೈರೋಚನ. 752ರಲ್ಲಿ ಅದಕ್ಕೆ ಕಣ್ಣು ಬಿಡಿಸಿದವನು ಭಾರತದಿಂದ ಬಂದ ಭಿಕ್ಷು ಬೋಧಿಸೇನ. ಅವನ ಕುಂಚಕ್ಕೆ ಕಟ್ಟಿದ್ದ ದಾರಗಳನ್ನು ನೆರೆದವರು ಹಿಡಿದುಕೊಂಡು ತಾವೂ ಪಾಲ್ಗೊಂಡರಂತೆ. ಹೊರಗಿನ ಜಿಂಕೆಗಳು ಬಿಸ್ಕತ್ತಿಗಾಗಿ ತಲೆಬಾಗುತ್ತವೆ, ನಿಜ. ಸೀರೆಯ ಸೆರಗನ್ನೂ ಎಳೆಯುತ್ತವೆ, ಹುಷಾರು.

ಕ್ಯೋಟೊದ ಗಿಯೋನ್ ಬೀದಿಯಲ್ಲಿ ಹಳೆಯ ಮಿಠಾಯಿ ಅಂಗಡಿಯೊಂದಿದೆ. ಅಲ್ಲಿ ‘ಕಂಕಿದಾನ್’ ಎಂಬ ಸಿಹಿ ಸಿಗುತ್ತದೆ ಎಂದು ಓದಿದ್ದೆ, ಹುಡುಕಿಕೊಂಡು ಹೋದೆ. ಗಣಪತಿಗೆ ನೈವೇದ್ಯಕ್ಕಿಡುವ ತಿನಿಸು. ಹಿಟ್ಟಿನ ಹಾಳೆಯೊಳಗೆ ಕೆಂಪು ಕಾಳಿನ ಹೂರಣ ಇಟ್ಟು, ಮೇಲೆ ಎಂಟು ನೆರಿಗೆ ಹಿಡಿದು ಚೀಲದಂತೆ ಮುಚ್ಚಿ, ಎಳ್ಳೆಣ್ಣೆಯಲ್ಲಿ ಕರಿದದ್ದು. ಕರಿದ ಮೋದಕವೇ! ಗಟ್ಟಿಯಾಗಿತ್ತು, ಹಲ್ಲಿಗೆ ಒಮ್ಮೆಲೇ ಸಿಗಲಿಲ್ಲ. ಮುರಿದ ಕೂಡಲೇ ಚಕ್ಕೆ, ಲವಂಗ, ಗಂಧದಂಥ ಪರಿಮಳ. ಏಳು ಬಗೆಯ ಸುಗಂಧ ಬೆರೆಸುತ್ತಾರಂತೆ. ಒಂದಕ್ಕೆ ಐನೂರು ಯೆನ್ನಿಗೂ ಮೇಲೆ. ಐದು ಕೊಂಡೆವು.

ಕೊನೆಯದಾಗಿ ಕೋಯಾಸಾನ್. ಓಸಾಕಾದ ನಾಂಬಾದಿಂದ ರೈಲು, ಆಮೇಲೆ ಕೇಬಲ್ ಕಾರು, ಆಮೇಲೆ ಬಸ್ಸು. ಒಟ್ಟು ಎರಡು ಗಂಟೆಗೂ ಹೆಚ್ಚು. ಪೆಟ್ಟಿಗೆಗಳನ್ನು ಓಸಾಕಾಗೆ ಕಳಿಸಿ ಬೆನ್ನುಚೀಲ ಮಾತ್ರ ಒಯ್ದಿದ್ದೆವು. 816ರಲ್ಲಿ ಕೂಕಾಯ್ ಎಂಬ ಗುರು ಸ್ಥಾಪಿಸಿದ ಬೆಟ್ಟದ ಮೇಲಿನ ಊರು. ಜನ ಅವರನ್ನು ಕೋಬೋ ದೈಶಿ ಎನ್ನುತ್ತಾರೆ. ಚೀನಾದ ಛಾಂಗಾನ್ ನಗರದಲ್ಲಿ ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನಿಂದ ಸಂಸ್ಕೃತ ಕಲಿತವರು. ಅಲ್ಲಿ ಮಠಗಳಲ್ಲೇ ಉಳಿಯಲು ಕೊಡುತ್ತಾರೆ. ಇಬ್ಬರಿಗೆ ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ 30,000 ಯೆನ್ ಆಯಿತು. ದುಬಾರಿ, ಆದರೆ ಇಡೀ ಪ್ರವಾಸದಲ್ಲಿ ಭಯವಿಲ್ಲದೆ ಊಟಕ್ಕೆ ಕೂತದ್ದು ಅಲ್ಲೇ. ಶೋಜಿನ್ ರ್‍ಯೋರಿ ಎಂಬ ಮಠದ ಅಡುಗೆಯಲ್ಲಿ ಮೀನು, ಮಾಂಸ ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಕೆಂಪು ಮೆರುಗಿನ ಮಣೆಯಂಥ ತಟ್ಟೆಗಳಲ್ಲಿ ಎಳ್ಳಿನ ತೋಫು, ಒಣಗಿಸಿ ನೆನೆಸಿದ ಕೋಯಾ ತೋಫು, ಬೆಟ್ಟದ ಸೊಪ್ಪು, ಅನ್ನ. ಬಡಿಸಿದ ಎಳೆಯ ಭಿಕ್ಷುವಿಗೆ ನಮ್ಮ ಚೀಟಿ ತೋರಿಸಿದಾಗ ಓದಿ, ನಕ್ಕು, ಎರಡೂ ಕೈಯಿಂದ ಮರಳಿ ಕೊಟ್ಟ. ಅಲ್ಲಿ ಅದು ಬೇಕಿರಲಿಲ್ಲ.

ಸಂಜೆ ಓಕುನೋಇನ್ ಕಡೆ ನಡೆದೆವು. ಮುಗಿಲು ಮುಟ್ಟುವ ಸೀಡರ್ ಮರಗಳ ನಡುವೆ ಎರಡು ಕಿಲೋಮೀಟರ್ ದಾರಿ, ಎರಡೂ ಬದಿಗೆ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಎಷ್ಟೋ ಸಮಾಧಿಗಳು ಐದು ಕಲ್ಲಿನ ಗೋಪುರ. ಕೆಳಗಿನಿಂದ ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ಒಂದೊಂದರ ಮೇಲೂ ಸಿದ್ಧಂ ಎಂಬ, ಸಂಸ್ಕೃತ ಬರೆಯುವ ಹಳೆಯ ಲಿಪಿಯ ಒಂದೊಂದು ಅಕ್ಷರ: ಅ, ವ, ರ, ಹ, ಖ. ಇವರಿಗೆ ಅದನ್ನು ತೋರಿಸಿ ನಾನು ಹೇಳಿದೆ, “ನಮ್ಮ ವರ್ಣಮಾಲೆ ಇಲ್ಲಿ ಪಾಚಿ ಹಿಡಿದು ನಿಂತಿದೆ ನೋಡಿ.” ಜಪಾನಿ ಅಕ್ಷರಗಳನ್ನು ಕಲಿಸುವ ಕ್ರಮವೇ ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತದ ಓದಿನಿಂದ ಹೋದ ಕ್ರಮ ಅದು. ಹೊರಡುವ ಮೊದಲು ಒಂದು ತಿಂಗಳು ಕತಾಕಾನ ಎಂಬ ಜಪಾನಿ ಲಿಪಿ ಕಲಿಯಿರಿ, ನಮ್ಮ ನಾಲಿಗೆಗೆ ಸುಲಭ. ನಿಲ್ದಾಣದಲ್ಲೂ ಅಂಗಡಿಯಲ್ಲೂ ಉಪಯೋಗಕ್ಕೆ ಬರುತ್ತದೆ.

ಬೆಳಗ್ಗೆ ಆರಕ್ಕೆ ಮಠದ ಪ್ರಾರ್ಥನೆ, ಆಮೇಲೆ ಗೋಮಾ. ಹೆಸರು ಕೇಳಿದರೆ ಸಾಕು, ಹೋಮ. ಕೊರೆಯುವ ಚಳಿ, ಕಾಲ ಬೆರಳುಗಳು ಮರಗಟ್ಟಿದ್ದವು. ಪುರೋಹಿತರು ಸಮಿತ್ತಿನಂಥ ಕಡ್ಡಿಗಳನ್ನು ಒಂದರ ಮೇಲೊಂದು ಚೌಕವಾಗಿ ಜೋಡಿಸಿ ಬೆಂಕಿ ಹೊತ್ತಿಸಿದರು. ಉದ್ದ ಹಿಡಿಯ ಸೌಟಿನಿಂದ ಎಣ್ಣೆ ಎರೆದರು, ಎಳ್ಳು ಹಾಕಿದರು. ಮಂತ್ರ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಆದರೆ ಪ್ರತಿ ಸಾಲು ‘ಓನ್’ ಎಂದು ಶುರುವಾಗಿ ಕೊನೆಗೆ ಒಂದೇ ಶಬ್ದಕ್ಕೆ ಬಂದು ನಿಲ್ಲುತ್ತಿತ್ತು: ಸೋವಾಕ. ನಾಲ್ಕೈದು ಸಲ ಕೇಳಿದ ಮೇಲೆ ನನಗೆ ಹೊಳೆಯಿತು. ಸ್ವಾಹಾ. ಇವರ ಮೊಣಕೈ ಹಿಡಿದೆ. ಇವರಿಗೂ ಅಷ್ಟೊತ್ತಿಗೆ ಗೊತ್ತಾಗಿತ್ತು, ತುಟಿ ಅಲುಗುತ್ತಿತ್ತು. ಆಮೇಲಿನ ಒಂದೊಂದು ಆಹುತಿಗೂ ನಾವಿಬ್ಬರೂ ಮೆಲ್ಲಗೆ ಸ್ವಾಹಾ ಎನ್ನುತ್ತಾ ಕೂತೆವು.

ಉಳಿದ ರಾತ್ರಿಗಳನ್ನು ಓಸಾಕಾದಲ್ಲಿ ಕಳೆದು, ಮತ್ತೆ ಟೋಕಿಯೊಗೆ ಬಂದು ವಿಮಾನ ಹತ್ತಿದೆವು. ಇದು ನಾವು ಮಾಡಿದ ತಪ್ಪು. ಟೋಕಿಯೊದಲ್ಲಿ ಇಳಿದು ಓಸಾಕಾದಿಂದಲೇ ಹೊರಡುವ ಟಿಕೆಟ್ ಮಾಡಿದ್ದರೆ ಇಬ್ಬರಿಗೆ ಶಿಂಕಾನ್ಸೆನ್‌ನ ಹದಿನಾರು ಸಾವಿರ ರೂಪಾಯಿ ಉಳಿಯುತ್ತಿತ್ತು, ಒಂದು ದಿನವೂ ಉಳಿಯುತ್ತಿತ್ತು.

ಇಬ್ಬರಿಗೆ ಆದ ಖರ್ಚು ಬರೆದಿಡುತ್ತೇನೆ. ವಿಮಾನ 1,32,000 ರೂಪಾಯಿ. ಹನ್ನೆರಡು ರಾತ್ರಿಯ ಹೋಟೆಲ್ 82,000, ಕೋಯಾಸಾನ್ ಮಠ 16,500. ರೈಲು, ಬಸ್ಸು, ಪೆಟ್ಟಿಗೆ ಸಾಗಣೆ 52,000. ಊಟ ತಿಂಡಿ 31,000, ಮೊಸರನ್ನದಿಂದಾಗಿ ಇಷ್ಟಕ್ಕೆ ನಿಂತಿತು. ಟಿಕೆಟ್ಟು, ಕಾಣಿಕೆ 7,000. ವೀಸಾ, ವಿಮೆ, ಬೆಂಗಳೂರಿನ ಓಡಾಟ 9,000. ಒಟ್ಟು ಮೂರು ಲಕ್ಷದ ಮೂವತ್ತು ಸಾವಿರದ ಹತ್ತಿರ. ನಾವು ಹೋದಾಗ ಒಂದು ಯೆನ್ನಿಗೆ ಐವತ್ತೈದು ಪೈಸೆ ಇತ್ತು. ದಿನಕ್ಕೆ ಹದಿನೆಂಟು ಸಾವಿರ ಹೆಜ್ಜೆ ನಡೆದ ದಿನಗಳಿವೆ. ಮಂಡಿ ನೋವಿರುವವರು ಎರಡು ತಿಂಗಳ ಮೊದಲೇ ನಡೆಯುವ ಅಭ್ಯಾಸ ಮಾಡಿ, ಪಳಗಿದ ಶೂ ಹಾಕಿ.

ಐದು ಕಂಕಿದಾನಿನಲ್ಲಿ ಎರಡನ್ನು ಅಲ್ಲೇ ತಿಂದಿದ್ದೆವು, ಎರಡನ್ನು ಮಗಳ ಮನೆಯಲ್ಲಿ ಕೊಟ್ಟೆವು. ಉಳಿದ ಒಂದನ್ನು ಬಂದ ಮಾರನೆಯ ದಿನ ಗಣಪತಿಯ ಮುಂದೆ ಇಟ್ಟು, ಪೂಜೆಯಾದ ಮೇಲೆ ಅಡಿಕೆ ಕತ್ತರಿಯಲ್ಲಿ ನಾಲ್ಕು ಚೂರು ಮಾಡಿದೆ. ಒಂದು ಚೂರನ್ನು ಅಕ್ಕನಿಗೆ ಕಳಿಸಿದೆ, ಲಗ್ನಪತ್ರಿಕೆ ಜೋಪಾನವಾಗಿ ಇಟ್ಟವಳು ಅವಳಲ್ಲವೇ. ಸಂಜೆ ಫೋನ್ ಮಾಡಿ, “ಇದಕ್ಕೆ ಪಚ್ಚಕರ್ಪೂರ ಹಾಕ್ತಾರೇನೇ ಅವರು?” ಎಂದು ಕೇಳಿದಳು.